ಹೊಳೆ ಹಿಂದಕ್ಕೆ ಹರಿದ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಖಜಭೂಮಿ ಎಂದರೇನು? ಎರಡು ಅಂಕ. ಈ ಪ್ರಶ್ನೆಯನ್ನು ನಾನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕೇಳಿದ್ದೇನೆ. ಸಿದ್ದಾಪುರದ ಹತ್ತಿರ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಅದರ ತುದಿಯನ್ನು ಕೋಳಿ ಕಾಲಿನ ಹಾಗೆ ಬಿಡಿಸುತ್ತಿದ್ದೆ. ನದಿ ಸಮುದ್ರ ಸೇರುವ ಮೊದಲು ತಾನು ಹೊತ್ತು ತಂದ ಮೆಕ್ಕಲು ಮಣ್ಣನ್ನು ಇಳಿಸಿ, ಕವಲಾಗಿ ಹರಿಯುವ ಜಾಗ, ಬರ್ಕೊಳ್ಳಿ ಅನ್ನುತ್ತಿದ್ದೆ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮಿಸ್, ನೀವು ನೋಡಿದ್ದೀರಾ?" ಅಂತ ಕೇಳಿದ. ನಾನು ಕನ್ನಡಕ ಸರಿ ಮಾಡಿಕೊಂಡು, "ಮುಂದಿನ ಪುಟ ತೆಗಿ" ಅಂದೆ.

ಕೊಡಗಿನವರಾದ ನಮಗೆ ಹೊಳೆಯ ಹುಟ್ಟು ಗೊತ್ತು. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಚಳಿಯಲ್ಲಿ ನಿಂತು ತೀರ್ಥ ಉಕ್ಕುವುದನ್ನು ಕಾದಿದ್ದೇವೆ. ಭಾಗಮಂಡಲದಲ್ಲಿ ಮುಳುಗು ಹಾಕಿದ್ದೇವೆ. ಮಳೆಗಾಲದಲ್ಲಿ ಕರಡಿಗೋಡು, ಗುಹ್ಯದ ಕಡೆ ಹೊಳೆ ಮನೆ ಬಾಗಿಲಿಗೇ ಬರುವುದನ್ನೂ ಕಂಡಿದ್ದೇವೆ. ಆದರೆ ಅದರ ತುದಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ರಿಟೈರ್ ಆದ ಮೇಲೆ ತಂಜಾವೂರಿನ ಕಡೆ ಹೋಗಿ ಕಾವೇರಿ ಸಮುದ್ರ ಸೇರುವುದನ್ನು ನೋಡಬೇಕು ಅಂದುಕೊಂಡಿದ್ದೆ. ಅದು ಇವತ್ತಿಗೂ ಆಗಿಲ್ಲ. ನೋಡಿ ಬಂದದ್ದು ಮಾತ್ರ ಎಲ್ಲೋ ದೂರದ ಮೆಕಾಂಗ್ ನದಿಯ ಬಾಯಿ. ವಿಯೆಟ್ನಾಂನಲ್ಲಿ.

ಇದಕ್ಕೆ ಕಾರಣ ನನ್ನ ತಂಗಿಯ ಮಗಳು. "ದೊಡ್ಡಮ್ಮ, ಟಿಕೆಟ್ ನಾನು ಮಾಡ್ತೀನಿ, ನೀವಿಬ್ಬರೂ ಸುಮ್ನೆ ಬಂದ್ರೆ ಸಾಕು" ಅಂದಳು. ನಮ್ಮ ಮನೆಯವರು ಸುಲಭಕ್ಕೆ ಒಪ್ಪುವ ಜನ ಅಲ್ಲ. ಅವರಿಗೆ ವಿಯೆಟ್ನಾಂ ಅಂದರೆ ದೇಶವೇ ಅಲ್ಲ, ಅದು ಕರಿಮೆಣಸಿನ ರೇಟು. ನಮ್ಮಲ್ಲಿ ತೋಟ ಇರುವವರಿಗೆಲ್ಲ ಇದು ಅರ್ಥವಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಕರಿಮೆಣಸು ಬೆಳೆಯುವವರು ಅವರು. ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ, ಅದೂ ಬಹುಪಾಲು ನಮ್ಮ ಹಾಗೆ ರೋಬಸ್ಟಾ. ಹೊರಗಿನ ಅಗ್ಗದ ಮೆಣಸು ಬಂದು ಇಲ್ಲಿನ ಬೆಲೆ ಬಿದ್ದಾಗ ಎಷ್ಟು ಗಲಾಟೆ ಆಯ್ತು, ನೆನಪಿದೆಯಲ್ವಾ? ಕಿಲೋಗೆ 500 ರೂಪಾಯಿಗಿಂತ ಕಮ್ಮಿ ಬೆಲೆಯ ಮೆಣಸು ಆಮದಾಗಬಾರದು ಅಂತ 2017ರ ಡಿಸೆಂಬರಿನಲ್ಲಿ ಸರ್ಕಾರ ನಿಯಮ ತಂದದ್ದು ಆ ಕಾಲದಲ್ಲೇ. "ಅವರ ದೇಶಕ್ಕೆ ಹೋಗಿ ನಾನೇ ದುಡ್ಡು ಕೊಟ್ಟು ಬರಬೇಕಾ?" ಅಂತ ಇವರ ವಾದ. ಕೊನೆಗೆ ಕುಯ್ಲು ಮುಗಿದು, ಕಾಫಿ ಒಣಗಿ ಚೀಲ ಸೇರಿದ ಮೇಲೆ, ಏಪ್ರಿಲಿನಲ್ಲಿ ಹೊರಟೆವು.

ಹೋ ಚಿ ಮಿನ್ ನಗರ, ಅಂದರೆ ಹಳೆಯ ಸೈಗಾನ್, ಅಲ್ಲಿಂದ ಒಂದು ದಿನದ ಪ್ರವಾಸ. ಬೆಳಿಗ್ಗೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಸಂಜೆ ತಂದು ಬಿಡುತ್ತಾರೆ. ಬಸ್ಸು, ದೋಣಿ, ಮಧ್ಯಾಹ್ನದ ಊಟ, ಗೈಡ್, ಎಲ್ಲಾ ಸೇರಿಯೇ ದುಡ್ಡು. ಮಿ ಥೊ ಅಂತ ಒಂದು ಊರು, ಸುಮಾರು 70 ಕಿಲೋಮೀಟರ್. ನಮಗೆ ಟಿಕೆಟ್ ಮಾರಿದವರು ತೇಲುವ ಸಂತೆ ತೋರಿಸುತ್ತೇವೆ ಅಂದಿದ್ದರು. ಫೋಟೋ ಕೂಡ ತೋರಿಸಿದ್ದರು. ಬಸ್ ಹತ್ತಿದ ಮೇಲೆ ಗೊತ್ತಾಯಿತು, ಈ ದಾರಿಯಲ್ಲಿ ಸಂತೆಯೇ ಇಲ್ಲ. ಹೆಸರಾದ ಸಂತೆ ಇರುವುದು ಇನ್ನೂ ದೂರ, ಕಾನ್ ಥೊ ಪಟ್ಟಣದ ಹತ್ತಿರ. ಅದೂ ಬೆಳಕು ಹರಿಯುವ ಹೊತ್ತಿಗೆ. ಅಲ್ಲಿ ದೋಣಿಯವರು ಉದ್ದ ಕೋಲಿನ ತುದಿಗೆ ಒಂದು ಅನಾನಸೋ ಕುಂಬಳಕಾಯೋ ಕಟ್ಟಿ ನಿಲ್ಲಿಸುತ್ತಾರಂತೆ. ಅದೇ ಅಂಗಡಿಯ ಬೋರ್ಡು. ನೋಡಬೇಕು ಅನ್ನುವವರು ಕಾನ್ ಥೊದಲ್ಲಿ ಒಂದು ರಾತ್ರಿ ಉಳಿಯಿರಿ. ನಮ್ಮ ಹಾಗೆ ಫೋಟೋ ನಂಬಬೇಡಿ.

ಗೈಡ್ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ. ಮೈಕ್ ಹಿಡಿದರೆ ಬಿಡುತ್ತಿರಲಿಲ್ಲ. ಅರ್ಧ ಜೋಕು, ಅರ್ಧ ಭೂಗೋಳ. ಟಿಬೆಟ್ಟಿನ ಎತ್ತರದಲ್ಲಿ ಹುಟ್ಟುವ ಈ ಹೊಳೆ ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ ದಾಟಿ ಇಲ್ಲಿಗೆ ಬರುತ್ತದೆ. 4,300 ಕಿಲೋಮೀಟರಿಗೂ ಜಾಸ್ತಿ ಉದ್ದ. ನಮ್ಮ ಕಾವೇರಿ ಸುಮಾರು 800. ಈ ಕೊನೆಯ ತುಂಡಿಗೆ ಅವರು ಒಂಬತ್ತು ಡ್ರ್ಯಾಗನ್ ಅಂತ ಹೆಸರಿಟ್ಟಿದ್ದಾರೆ, ಒಂಬತ್ತು ಬಾಯಿ ಅಂತ ಲೆಕ್ಕ. ಅದರಲ್ಲಿ ಒಂದೆರಡು ಈಗ ಮುಚ್ಚಿಹೋಗಿವೆ. ಇಡೀ ಮುಖಜಭೂಮಿ ಸುಮಾರು 40,000 ಚದರ ಕಿಲೋಮೀಟರ್. ನಾನು ಮನಸ್ಸಿನಲ್ಲೇ ಭಾಗಿಸಿದೆ. ಹತ್ತು ಕೊಡಗು! ಅಷ್ಟು ಜಾಗದಲ್ಲಿ ಹೆಚ್ಚಿನದೆಲ್ಲ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮೇಲಿದ್ದರೆ ಜಾಸ್ತಿ. ಕಿಟಕಿಯಲ್ಲಿ ನೋಡಿದರೆ ಗದ್ದೆ, ಗದ್ದೆ, ಮತ್ತೆ ಗದ್ದೆ. ಕಣ್ಣಿಗೆ ಒರಗಿಕೊಳ್ಳಲು ಒಂದು ಬೆಟ್ಟ ಇಲ್ಲ. ನನಗೆ ಸ್ವಲ್ಪ ಹೊತ್ತು ತಲೆ ತಿರುಗಿದ ಹಾಗಾಯಿತು ಅಂದರೆ ನಗಬೇಡಿ.

ಮಿ ಥೊದಲ್ಲಿ ಮೋಟಾರ್ ದೋಣಿ ಹತ್ತಿಸಿದರು. ನದಿಯ ಮಧ್ಯೆ ನಾಲ್ಕು ದ್ವೀಪ. ಡ್ರ್ಯಾಗನ್, ಯೂನಿಕಾರ್ನ್, ಆಮೆ, ಫೀನಿಕ್ಸ್ ಅಂತ ಹೆಸರು. ಫೀನಿಕ್ಸ್ ದ್ವೀಪದಲ್ಲಿ ಹಿಂದೆ ಒಬ್ಬ ಸನ್ಯಾಸಿ ಇದ್ದನಂತೆ. ಫ್ರಾನ್ಸಿನಲ್ಲಿ ಓದಿ ಬಂದವನು. ಬರೀ ತೆಂಗಿನಕಾಯಿ ತಿಂದು ಬದುಕಿದ್ದ ಅಂತ ಅವನಿಗೆ ತೆಂಗಿನಕಾಯಿ ಸನ್ಯಾಸಿ ಅಂತಲೇ ಹೆಸರು. ಯುದ್ಧದ ಕಾಲದಲ್ಲಿ ಎರಡೂ ಕಡೆಯವರು ರಾಜಿಯಾಗಿ ಅಂತ ಹೇಳಿಕೊಂಡು ತಿರುಗಿ ಜೈಲಿಗೂ ಹೋದ. ಅವನ ಕತೆ ಇನ್ನೂ ಕೇಳಬೇಕಿತ್ತು. ಗೈಡ್ ಎರಡೇ ನಿಮಿಷದಲ್ಲಿ ಮುಗಿಸಿ ಜೇನು ಮಾರುವ ಜಾಗಕ್ಕೆ ಕರೆದುಕೊಂಡು ಹೋದ.

ಇಂಥ ಪ್ರವಾಸಗಳ ಕಷ್ಟವೇ ಅದು. ಜೇನಿನ ಚಹಾ ಕುಡಿಸುತ್ತಾರೆ, ಜೇನು ಮಾರುತ್ತಾರೆ. ಹೆಬ್ಬಾವನ್ನು ಕೊರಳಿಗೆ ಹಾಕಿ ಫೋಟೋ ತೆಗೆಯುತ್ತಾರೆ. ಹಣ್ಣು ಕೊಟ್ಟು ಹಾಡು ಹೇಳಿಸುತ್ತಾರೆ. ಹಾಡು ಮಾತ್ರ ಚೆನ್ನಾಗಿತ್ತು. ದಕ್ಷಿಣ ವಿಯೆಟ್ನಾಂನ ಹಳೆಯ ಸಂಗೀತ ಅದು, 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದರೆ ನಮ್ಮ ಗುಂಪು ಏಳುವ ಮೊದಲೇ ಇನ್ನೊಂದು ಗುಂಪು ಬಾಗಿಲಲ್ಲಿ ನಿಂತಿದ್ದರೆ ಹಾಡುವವರಿಗಾದರೂ ಏನು ಖುಷಿ?

ತೆಂಗಿನ ಮಿಠಾಯಿ ಮಾಡುವ ಜಾಗದಲ್ಲಿ ನಾನು ಕಾಲೂರಿ ನಿಂತುಬಿಟ್ಟೆ. ಅದು ಬೆನ್ ಚೆ ಸೀಮೆ, ತೆಂಗಿನ ನಾಡು. ಕಾಯಿ ತುರಿದು, ಹಿಂಡಿ, ಹಾಲನ್ನು ಸಕ್ಕರೆ ಮತ್ತು ಮೊಳಕೆ ಧಾನ್ಯದ ಪಾಕದ ಜೊತೆ ದೊಡ್ಡ ಬಾಣಲೆಯಲ್ಲಿ ಕಾಯಿಸುತ್ತಾರೆ. ಬೆಂಕಿಗೆ ತೆಂಗಿನ ಚಿಪ್ಪು. ಗಟ್ಟಿಯಾದ ಮೇಲೆ ಮರದ ಅಚ್ಚಿಗೆ ಎಳೆದು ಹಾಸಿ, ಚೂರು ಚೂರು ಕತ್ತರಿಸುತ್ತಾರೆ. ಬೆಂಚಿನ ಮೇಲೆ ಕೂತ ಹೆಂಗಸರು ಅದನ್ನು ಮೊದಲು ತೆಳ್ಳಗಿನ ಅಕ್ಕಿ ಹಾಳೆಯಲ್ಲಿ, ಆಮೇಲೆ ಬಣ್ಣದ ಕಾಗದದಲ್ಲಿ ಸುತ್ತುತ್ತಾರೆ. ಬೆರಳು ಕಾಣುವುದಿಲ್ಲ, ಅಷ್ಟು ಬೇಗ. ಕತ್ತೆತ್ತದೆ ಪಕ್ಕದವಳ ಜೊತೆ ಹರಟೆ ಬೇರೆ. ನಮ್ಮಲ್ಲಿ ಕಣದಲ್ಲಿ ಕೂತು ಮೆಣಸು ಬಿಡಿಸುವವರ ಹಾಗೆಯೇ. ನಮ್ಮ ಮನೆಯವರು ಅಕ್ಕಿ ಹಾಳೆಯನ್ನೂ ಉಗುರಿನಿಂದ ಕೆರೆದು ಕೆರೆದು ಬಿಡಿಸುತ್ತಿದ್ದರು. ಒಬ್ಬಳು ನೋಡಿ ನಕ್ಕು, ಬಾಯಿ ತೋರಿಸಿ, ಹಾಗೇ ತಿನ್ನಿ ಅಂತ ಸನ್ನೆ ಮಾಡಿದಳು. ನಾಲಿಗೆ ಮೇಲೆ ಇಟ್ಟರೆ ಕರಗಿಹೋಗುತ್ತದೆ.

ಅಲ್ಲಿಂದ ಸಣ್ಣ ದೋಣಿ. ನಾಲ್ಕು ಜನ ಕೂರಬಹುದು. ಮುಂದೆ ಒಬ್ಬಳು, ಹಿಂದೆ ಒಬ್ಬಳು ಹುಟ್ಟು ಹಾಕುತ್ತಾರೆ. ಹಿಂದಿನವಳಿಗೆ ನನ್ನಷ್ಟೇ ವಯಸ್ಸು. ನಾಲೆ ಎಷ್ಟು ಇಕ್ಕಟ್ಟು ಅಂದರೆ ಎದುರಿನ ದೋಣಿ ಬಂದಾಗ ಕೈ ಒಳಗೆ ಎಳೆದುಕೊಳ್ಳಬೇಕು. ಎರಡೂ ಕಡೆ ನೀರ ತೆಂಗು. ಅದಕ್ಕೆ ಕಾಂಡವೇ ಇಲ್ಲ, ಗರಿಗಳು ಕೆಸರಿನಿಂದಲೇ ಎದ್ದು ನಿಂತಿರುತ್ತವೆ. ಏಲಕ್ಕಿ ಹಿಂಡನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಹಾಗೆ ಕಾಣಬಹುದು. ನೀರು ಇಳಿದಿತ್ತು. ದಡದ ಕೆಸರಿನ ಮೇಲೆ ಬೆರಳುದ್ದದ ಮೀನುಗಳು ರೆಕ್ಕೆಯೂರಿ ತೆವಳುತ್ತಿದ್ದವು, ತಲೆಯ ಮೇಲೆ ಕಪ್ಪೆಗಣ್ಣು. ನಾನು ಕೈ ಚಾಚಿ ಒಂದು ಚಿಟಿಕೆ ಮಣ್ಣು ತೆಗೆದೆ. ಬೆರಳಲ್ಲಿ ಉಜ್ಜಿದರೆ ಒಂದು ಕಲ್ಲಿಲ್ಲ, ಮರಳಿನ ಒಂದು ಕಣವಿಲ್ಲ. ಬೆಣ್ಣೆ. ಇಪ್ಪತ್ತೆಂಟು ವರ್ಷ ಮೆಕ್ಕಲು ಮೆಕ್ಕಲು ಅಂತ ಬಾಯಲ್ಲಿ ಹೇಳಿದ್ದೇ ಹೇಳಿದ್ದು. ಅದು ಕೈಗೆ ಹತ್ತಿದ್ದು ಆವತ್ತು.

ಊಟಕ್ಕೆ ಒಂದು ಅಗಲದ ಮೀನು. ಆನೆಕಿವಿ ಮೀನು ಅಂತಾರೆ. ಇಡಿಯಾಗಿ ಕರಿದು ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿರುತ್ತಾರೆ. ಅದನ್ನು ಕಿತ್ತು, ಸೊಪ್ಪು ಮತ್ತು ಅಕ್ಕಿ ಶಾವಿಗೆ ಸೇರಿಸಿ, ಅಕ್ಕಿ ಹಾಳೆಯಲ್ಲಿ ಸುತ್ತಿ ತಿನ್ನುವುದು. ಶಾವಿಗೆ ನಮ್ಮ ನೂಪುಟ್ಟಿನ ತಂಗಿ. ಇವರು ಕಾಫಿ ತರಿಸಿಕೊಂಡರು. ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರ್, ಕೆಳಗೆ ಡಬ್ಬಿ ಹಾಲು. ಒಂದು ಗುಟುಕು ಕುಡಿದು, "ನಮ್ಮದೇ ರುಚಿ" ಅಂದರು. ಶತ್ರುವನ್ನು ಹೊಗಳಿದ ದನಿ ಅಲ್ಲ ಅದು. ಸ್ವಲ್ಪ ಬೇಜಾರಿನ ದನಿ. ಗೈಡನ್ನು ಮೆಣಸಿನ ಬಗ್ಗೆ ಕೇಳಿದರು. ಅವನು ಕೈ ಆಡಿಸಿದ. ಮೆಣಸು, ಕಾಫಿ ಎಲ್ಲ ಮೇಲಿನ ಬೆಟ್ಟದ ಸೀಮೆಯಲ್ಲಿ, ಇಲ್ಲಿ ನಮಗೆ ಬೆಟ್ಟ ಎಲ್ಲಿದೆ ಅಂದ. ಇವರು ಬೈಯಲು ಬಂದದ್ದು ತಪ್ಪು ವಿಳಾಸಕ್ಕೆ.

ಊಟ ಮುಗಿಸಿ ದಡಕ್ಕೆ ಬಂದೆವು. ನನಗೆ ಏನೋ ಸರಿ ಕಾಣಲಿಲ್ಲ. ಬೆಳಿಗ್ಗೆ ಅಂತರಗಂಗೆ ಕಳೆಯ ಗುಂಪುಗಳು ಬಲದಿಂದ ಎಡಕ್ಕೆ, ಸಮುದ್ರದ ಕಡೆಗೆ ತೇಲುತ್ತಿದ್ದವು. ಈಗ ಎಡದಿಂದ ಬಲಕ್ಕೆ ಹೋಗುತ್ತಿದ್ದವು. ಬರುವಾಗ ಏಳು ಮೆಟ್ಟಿಲು ಹತ್ತಿದ್ದೆವು, ನಾನು ಮೊಣಕಾಲು ನೋವಿನವಳು, ಮೆಟ್ಟಿಲು ಎಣಿಸುವುದು ಅಭ್ಯಾಸ. ಈಗ ನೀರಿನ ಮೇಲೆ ಮೂರೇ ಮೆಟ್ಟಿಲು. "ಹೊಳೆ ಹಿಂದಕ್ಕೆ ಹೋಗ್ತಿದೆಯಾ?" ಅಂತ ಕೇಳಿದೆ. ಗೈಡಿಗೆ ಅದು ದಿನದ ಮಾತು. ಹೌದು, ಸಮುದ್ರ ಉಬ್ಬಿದಾಗ ನೀರು ಮೇಲಕ್ಕೆ ತಳ್ಳುತ್ತದೆ ಅಂದ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಕಮ್ಮಿ. ಆಗ ಸಮುದ್ರದ ಕೈ ಮೇಲು. ಉಬ್ಬರದ ಜೊತೆ ಉಪ್ಪೂ ಒಳಗೆ ಬರುತ್ತದೆ.

ಇಲ್ಲಿ ಅವನ ಜೋಕು ನಿಂತಿತು. ಮೈಕ್ ಬದಿಗಿಟ್ಟು ಮಾತಾಡಿದ. ಅವನ ಅಜ್ಜಿಯ ಮನೆ ಬೆನ್ ಚೆಯಲ್ಲಿ. 2016ರಲ್ಲೊಮ್ಮೆ, 2020ರಲ್ಲೊಮ್ಮೆ, ಉಪ್ಪು ಅವರ ನಾಲೆಯವರೆಗೂ ಬಂತಂತೆ. ಸುತ್ತಲೂ ನೀರು, ಅಜ್ಜಿ ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಿಸಿಕೊಂಡಳು. ಗದ್ದೆ ಸುಟ್ಟ ಹಾಗಾಯಿತು. ಮೇಲೆ ಚೀನಾದಲ್ಲಿ ಒಂದರ ಹಿಂದೆ ಒಂದು ಅಣೆಕಟ್ಟು, ಲಾವೋಸಿನಲ್ಲೂ ಕಟ್ಟಿದ್ದಾರೆ. ಹೊಳೆಯ ತಳದ ಮರಳನ್ನು ಬಗೆದು ಮಾರುವುದು ಬೇರೆ. ಹೊಸ ಮಣ್ಣು ಬಂದು ಕೂರದಿದ್ದರೆ ಇಂಥ ನೆಲ ತಾನಾಗಿಯೇ ಕುಸಿಯುತ್ತದೆ, ದಡ ಕೊಚ್ಚಿಹೋಗುತ್ತದೆ. "ಮೇಲಿನವರು ಬಿಟ್ಟದ್ದು ನಮಗೆ" ಅಂದ.

ಮೇಲಿನವರು. ನನಗೆ ಆ ಮಾತು ಚುಚ್ಚಿತು. ಅವನು ನಮ್ಮನ್ನು ಅಂದದ್ದಲ್ಲ, ಪಾಪ. ಆದರೆ ನಾವು ಯಾರು? ತಂಜಾವೂರಿನ ರೈತರು ಮೆಟ್ಟೂರು ಅಣೆಕಟ್ಟಿನ ಬಾಗಿಲು ಜೂನ್ 12ಕ್ಕೆ ತೆರೆಯುತ್ತದೋ ಇಲ್ಲವೋ ಅಂತ ಪ್ರತಿ ವರ್ಷ ಕಾಯುತ್ತಾರೆ. ಆ ಹೊತ್ತಿಗೆ ನಾವು ಇಲ್ಲಿ ಮಳೆ ಹಿಡಿಯಿತು, ಕೊಡೆ ಎಲ್ಲಿ ಅಂತ ಹುಡುಕುತ್ತಿರುತ್ತೇವೆ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜರಿದಾಗ ಎಷ್ಟು ಮಣ್ಣು ಹೋಯಿತು! ಅದರಲ್ಲಿ ಬೇಕಾದಷ್ಟು ಹಾರಂಗಿ ಜಲಾಶಯದ ತಳದಲ್ಲಿ ಕೂತಿತು. ಅದನ್ನೂ ದಾಟಿ ಹೋದದ್ದಕ್ಕೆ ಕನ್ನಂಬಾಡಿ ಇದೆ, ಆಮೇಲೆ ಮೆಟ್ಟೂರು ಇದೆ. ತುದಿಯವರ ಕೈಗೆ ಎಷ್ಟು ಸಿಕ್ಕೀತು, ನೀವೇ ಹೇಳಿ.

ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ವಾಪಸ್ ದೋಣಿಯಲ್ಲಿ ಇವರೇ ಶುರು ಮಾಡಿದರು. "ವಿಚಿತ್ರ ಕಣೇ. ಮಣ್ಣು ಹೋಗ್ಬಾರ್ದು ಅಂತ ನಾವು ತೋಟದಲ್ಲಿ ತೊಟ್ಟಿಲು ಗುಂಡಿ ತೆಗೀತೀವಿ. ಇಲ್ಲಿ ಮಣ್ಣು ಬರ್ಲಿ ಅಂತ ಕಾಯ್ತಾ ಕೂತಿದ್ದಾರೆ."

ತೋಟ ಇಲ್ಲದ ಕೇಳುಗರಿಗೆ ಹೇಳುತ್ತೇನೆ. ತೊಟ್ಟಿಲು ಗುಂಡಿ ಅಂದರೆ ಕಾಫಿ ಸಾಲಿನ ಮಧ್ಯೆ ಇಳಿಜಾರಿಗೆ ಅಡ್ಡವಾಗಿ ತೋಡುವ ಉದ್ದ ಗುಂಡಿ. ಮಳೆನೀರು ಅದರಲ್ಲಿ ನಿಂತು ಇಂಗುತ್ತದೆ, ಮೇಲ್ಮಣ್ಣು ಅಲ್ಲೇ ಉಳಿಯುತ್ತದೆ. ತುಂಬಿದ ಮಣ್ಣನ್ನು ಆಗಾಗ ತೆಗೆದು ಗಿಡದ ಬುಡಕ್ಕೆ ಹಾಕಬೇಕು. ಒಳ್ಳೆಯ ಕೆಲಸ. ತೆಗೆಯದ ತೋಟದ ಮಣ್ಣು ಒಂದೇ ಮಳೆಗಾಲದಲ್ಲಿ ತೋಡು ಸೇರುತ್ತದೆ. ಹಾಗಂತ ಅದು ತಂಜಾವೂರು ಮುಟ್ಟುವುದಿಲ್ಲ, ಅದನ್ನು ಆಗಲೇ ಹೇಳಿದೆ. ಇವರಿಗೂ ಅದು ಗೊತ್ತು. ಆದರೂ ಸ್ವಲ್ಪ ಹೊತ್ತು ಸುಮ್ನೆ ನೀರು ನೋಡುತ್ತಾ ಕೂತರು.

ಆಮೇಲೆ ಫೋನ್ ತೆಗೆದು ಊರಿಗೆ ಮಾಡಿದರು. ತೋಟ ನೋಡಿಕೊಳ್ಳುವವನು ಸಿಕ್ಕಿದ. ಮೋಟಾರಿನ ಸದ್ದಿಗೆ ಇವರು ಕೂಗಿ ಮಾತಾಡಬೇಕಾಯಿತು. ಇಡೀ ದೋಣಿ ತಿರುಗಿ ನೋಡಿತು.

"ಮಳೆ ಬಂತಾ? ಎಷ್ಟು? ಎಂಬತ್ತು ಸೆಂಟಾ, ಮುಕ್ಕಾಲು ಇಂಚಿನ ಮೇಲೇ ಆಯ್ತಲ್ಲ? ಒಳ್ಳೇದಾಯ್ತು. ಗುಂಡಿ ಮಣ್ಣು ತೆಗೆಸಿದ್ಯಾ? ಯಾಕಿಲ್ಲ? ನಾಳೆನೇ ಜನ ಬಿಡು. ಹೊಳೆ ಕಡೆ ಇಳಿಜಾರಲ್ಲಿ ಮೊದಲು ಮಾಡ್ಸು."

ನಮ್ಮ ದೋಣಿಯ ಪಕ್ಕದಲ್ಲಿ ಅಂತರಗಂಗೆಯ ಒಂದು ಗುಂಪು, ನೇರಳೆ ಹೂ ಬಿಟ್ಟುಕೊಂಡು, ಇನ್ನೂ ಮೇಲಕ್ಕೇ ಹೋಗುತ್ತಿತ್ತು.

ನಮಸ್ಕಾರ.