ಇಂಗ್ಲಿಷ್ ಹೋಟೆಲ್ ಅನ್ನೋ ನಾಟಕ

ನಮಸ್ಕಾರ. ಹೋದ ವರ್ಷ ನಮ್ಮ ಆಯಿ, ಅಂದರೆ ಅಮ್ಮ, ಲಂಡನ್ನಿಗೆ ಬಂದಿದ್ದಳು. ಅವಳಿಗೆ 65 ತುಂಬಿತು ಅನ್ನೋ ನೆಪ ಮಾಡಿಕೊಂಡು ಒಂದು ದುಂದು ಮಾಡಿದೆ. ಬಾಗಿಲಲ್ಲಿ ಎತ್ತರದ ಟೋಪಿಯವನು ನಿಂತಿರುತ್ತಾನಲ್ಲ, ಅಂಥ ಹಳೇ ಕಾಲದ ಇಂಗ್ಲಿಷ್ ಹೋಟೆಲಿನಲ್ಲಿ ಎರಡು ರಾತ್ರಿ ಉಳಿದೆವು. ಹೆಸರು ಹೇಳಲ್ಲ, ಬೈಯುವುದಿದೆ. ರಾತ್ರಿಗೆ 540 ಪೌಂಡ್. ಅದು ಎಷ್ಟು ರೂಪಾಯಿ ಅಂತ ಆಯಿಗೆ ಇವತ್ತಿಗೂ ಹೇಳಿಲ್ಲ. ಯಾರಾದರೂ ಅವಳಿಗೆ ಈ ವಿಡಿಯೋ ತೋರಿಸಿದರೆ ನನ್ನ ಕತೆ ಮುಗಿಯಿತು.

ಬೈಗುಳ ಮೊದಲೇ ಮುಗಿಸಿಬಿಡುತ್ತೇನೆ. ಬಚ್ಚಲು ನಮ್ಮ ಕಾರವಾರದ ಮನೆಯ ಜಗಲಿಯಷ್ಟು ದೊಡ್ಡದು, ನೆಲಕ್ಕೆಲ್ಲ ಬಿಳಿ ಕಲ್ಲು. ಆದರೆ ಬೇಸಿನ್ನಿಗೆ ಎರಡು ಬೇರೆ ಬೇರೆ ನಲ್ಲಿ. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಬೆರಳು ಮರಗಟ್ಟುವ ನೀರು. ಉಗುರು ಬೆಚ್ಚಗಿನ ನೀರು ಬೇಕಾದರೆ ಬೇಸಿನ್ನಿನ ತೂತು ಮುಚ್ಚಿ ಎರಡನ್ನೂ ಬೆರೆಸಿಕೊಳ್ಳಬೇಕು. ಇದಕ್ಕೊಂದು ಕಾರಣ ಇದೆ. ಹಿಂದೆ ಇಲ್ಲಿ ತಣ್ಣೀರು ಬೀದಿಯ ಪೈಪಿನಿಂದ ನೇರವಾಗಿ ಬರುತ್ತಿತ್ತು, ಅದು ಕುಡಿಯುವ ನೀರು. ಬಿಸಿನೀರು ಅಟ್ಟದ ಟ್ಯಾಂಕಿನಿಂದ ಇಳಿಯುತ್ತಿತ್ತು. ಟ್ಯಾಂಕಿನಲ್ಲಿ ಇಲಿ ಬಿದ್ದಿದೆಯೋ ಪಾರಿವಾಳ ಬಿದ್ದಿದೆಯೋ ಯಾರಿಗೆ ಗೊತ್ತು? ಹಾಗಾಗಿ ಎರಡನ್ನೂ ಬೆರೆಸುವ ಹಾಗಿರಲಿಲ್ಲ. ಕಾಲ ಬದಲಾದರೂ ನಲ್ಲಿ ಮಾತ್ರ ಸಂಪ್ರದಾಯದ ಹೆಸರಲ್ಲಿ ಉಳಿದುಕೊಂಡಿದೆ. ಇನ್ನು ಚೊಂಬಿನ ಮಾತು ಬೇಡವೇ ಬೇಡ. ಆಯಿ ಹೂದಾನಿಯ ಹೂವನ್ನು ಮೇಜಿನ ಮೇಲಿಟ್ಟು, ಹೂದಾನಿಯನ್ನು ಒಳಗೆ ಒಯ್ದಳು.

ಆದರೂ ದುಡ್ಡು ವೇಸ್ಟ್ ಆಯಿತು ಅಂತ ನಾನು ಹೇಳಲ್ಲ. ಯಾಕೆ ಅಂದರೆ, ಅದನ್ನು ಲಾಡ್ಜಿನ ಬಾಡಿಗೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ, ನಾಟಕದ ಟಿಕೆಟ್ ಅಂತ ನೋಡಿದರೆ ಸಮಾಧಾನ ಆಗುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. ಲಂಡನ್ನಿನ ಸವಾಯ್ ಹೋಟೆಲ್ ಗೊತ್ತಲ್ವಾ? 1889ರಲ್ಲಿ ಅದನ್ನು ಕಟ್ಟಿಸಿದ ರಿಚರ್ಡ್ ಡಾಯ್ಲಿ ಕಾರ್ಟ್ ನಾಟಕ ಕಂಪನಿ ಮಾಲೀಕ. ಗಿಲ್ಬರ್ಟ್ ಮತ್ತು ಸಲಿವನ್ ಬರೆದ ಹಾಡಿನ ನಾಟಕಗಳನ್ನು ಆಡಿಸಿ ದುಡ್ಡು ಮಾಡಿದವನು. ಮೊದಲು ಥಿಯೇಟರ್ ಕಟ್ಟಿದ, ಆಮೇಲೆ ಅದರ ಪಕ್ಕದಲ್ಲೇ ಹೋಟೆಲ್. ನಮ್ಮ ಗುಬ್ಬಿ ಕಂಪನಿಯವರು ಟೆಂಟಿನ ಪಕ್ಕ ಅರಮನೆಯಂಥ ಹೋಟೆಲ್ ತೆಗೆದಿದ್ದರೆ ಹೇಗಿರುತ್ತಿತ್ತೋ, ಹಾಗೆ. ಕರೆಂಟ್ ದೀಪ, ಕರೆಂಟ್ ಲಿಫ್ಟ್ ಎಲ್ಲ ಹಾಕಿಸಿದ. ಆಗಿನ ಲಂಡನ್ನಿನವರಿಗೆ ಅದೇ ಒಂದು ಸೀನರಿ.

ಪಾತ್ರಧಾರಿಗಳನ್ನೂ ಹೊರಗಿನಿಂದಲೇ ಕರೆಸಿದ. ಮ್ಯಾನೇಜರ್ ಸೀಸರ್ ರಿಟ್ಜ್ ಸ್ವಿಟ್ಜರ್ಲೆಂಡಿನವನು, ಅಡುಗೆಗೆ ನಿಂತ ಎಸ್ಕೋಫಿಯೆ ಫ್ರಾನ್ಸಿನವನು. ಬಕಿಂಗ್‌ಹ್ಯಾಮ್ ಅರಮನೆಯ ಹಿಂದಿರುವ ಗೋರಿಂಗ್ ಹೋಟೆಲನ್ನು 1910ರಲ್ಲಿ ತೆರೆದ ಆಟೋ ಗೋರಿಂಗ್ ಜರ್ಮನಿಯವನು. ಇವತ್ತು ಕ್ಲಾರಿಜಸ್ ಹೋಟೆಲ್ ಇರುವುದು ಕತಾರಿನವರ ಕೈಯಲ್ಲಿ. ಸೇಂಟ್ ಜೇಮ್ಸ್ ಕೋರ್ಟ್ ಹೋಟೆಲ್ ಅಂತೂ ನಮ್ಮ ತಾಜ್‌ನವರದ್ದೇ. ಅಂದರೆ ಅಪ್ಪಟ ಇಂಗ್ಲಿಷ್ ಅನ್ನುವುದು ಇಲ್ಲಿ ವೇಷ. ವೇಷ ಅಂದೆ ಅಂತ ಹೀಯಾಳಿಸುತ್ತಿದ್ದೇನೆ ಅಂದ್ಕೋಬೇಡಿ. ಯಕ್ಷಗಾನ ನೋಡಿ ಬೆಳೆದವನು ನಾನು, ವೇಷ ಚೆನ್ನಾಗಿದ್ದರೆ ಬೆಳಗಿನ ತನಕ ಕೂರುತ್ತೇನೆ.

ಸವಾಯ್‌ನವರ ಒಂದು ಆಟ ನನಗೆ ತುಂಬಾ ಇಷ್ಟ. ಊಟದ ಮೇಜಿಗೆ 13 ಜನ ಆದರೆ ಅಪಶಕುನ ಅಂತ ಇವರ ನಂಬಿಕೆ. ಅದಕ್ಕೆ 1920ರ ದಶಕದಲ್ಲಿ ಕಪ್ಪು ಬಣ್ಣದ ಒಂದು ಮರದ ಬೆಕ್ಕು ಮಾಡಿಸಿದರು. ಹೆಸರು ಕ್ಯಾಸ್ಪರ್. 13 ಜನ ಬಂದರೆ ಈ ಬೆಕ್ಕು 14ನೇ ಅತಿಥಿ. ಕುರ್ಚಿ ಕೊಟ್ಟು, ಕೊರಳಿಗೆ ಕರವಸ್ತ್ರ ಕಟ್ಟಿ, ಎಲ್ಲರ ಜೊತೆ ಅದಕ್ಕೂ ಬಡಿಸುತ್ತಾರೆ. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ನಿಂತು ಹೋಗುತ್ತೇವೆ, ಇವರು ಕರೆದು ಕೂರಿಸುತ್ತಾರೆ.

ನನ್ನ ಸಲಹೆ ಕೇಳಿದರೆ ರೂಮು ಬೇಡ, ಮಧ್ಯಾಹ್ನದ ಟೀ ಸಾಕು. ಅದೇನೂ ಅಗ್ಗ ಅಲ್ಲ, ದೊಡ್ಡ ಹೋಟೆಲುಗಳಲ್ಲಿ ತಲೆಗೆ 80 ಪೌಂಡಿನ ಸುತ್ತಮುತ್ತ ಬೀಳುತ್ತದೆ. ಆದರೆ ಇಡೀ ಆಟ ಎರಡು ಗಂಟೆಯಲ್ಲಿ ನೋಡಿದಂತಾಗುತ್ತದೆ. ಮೂರಂತಸ್ತಿನ ತಟ್ಟೆ ಬರುತ್ತದೆ. ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್, ಬಿಸಿ ಸ್ಕೋನ್ ಅನ್ನೋ ಬನ್ನಿನಂಥ ತಿಂಡಿ, ಪುಟ್ಟ ಪುಟ್ಟ ಕೇಕು. ಸ್ಕೋನಿಗೆ ಮೊದಲು ಕೆನೆ ಸವರಿದರೆ ನೀವು ಡೆವನ್ ಕಡೆಯವರು, ಮೊದಲು ಜಾಮ್ ಸವರಿದರೆ ಕಾರ್ನ್‌ವಾಲ್ ಕಡೆಯವರು. ಆಯಿ ಎರಡನ್ನೂ ಕಲಸಿ ತಿಂದಳು. ಅಸ್ಸಾಂ ಟೀಯನ್ನು ಬೆಳ್ಳಿ ಸೋಸುಕದಲ್ಲಿ ಸೋಸಿ, ಪಕ್ಕದಲ್ಲಿ ತಣ್ಣನೆ ಹಾಲು ಇಟ್ಟು ಹೋದರು. ಆಯಿ ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟಳು. "ತಮಾ, ಇದನ್ನ ಕುದಿಸೇ ಇಲ್ಲ ಮಾರಾಯಾ." ಬಿಲ್ಲಿನ ಕೊನೆಯಲ್ಲಿ ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ, ನೋಡಿಕೊಳ್ಳಿ. 2024ರ ಅಕ್ಟೋಬರಿನಿಂದ ಆ ದುಡ್ಡನ್ನು ಕೆಲಸದವರಿಗೇ ಕೊಡಬೇಕು ಅಂತ ಕಾನೂನು ಬಂದಿದೆ. ಹಾಗಾಗಿ ನಾನು ತಕರಾರು ಮಾಡಲಿಲ್ಲ.

ಎರಡನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಆಯಿ ಹಾಸಿಗೆ ಮಡಿಸುತ್ತಿದ್ದಾಳೆ. ಕಪ್ಪು ಬಸಿ ತೊಳೆದು ಟವೆಲಿನ ಮೇಲೆ ಮಗುಚಿಟ್ಟಿದ್ದಾಳೆ. ಆಯಿ, ಅದಕ್ಕೆ ಜನ ಇದ್ದಾರೆ, ದುಡ್ಡು ಕೊಟ್ಟಿದ್ದೇವೆ ಅಂದೆ. "ಬಂದವರು ನೋಡಿದರೆ ಏನಂದ್ಕೊಳ್ಳಬೇಕು?" ಅಂದಳು. ಅಷ್ಟರಲ್ಲಿ ಬಾಗಿಲು ಬಡಿಯಿತು. ರೂಮು ಸ್ವಚ್ಛ ಮಾಡುವ ಹೆಂಗಸು. ಮಡಿಸಿದ ಹಾಸಿಗೆ ನೋಡಿ ಗಾಬರಿಯಾಗಿ, ಅದೇ ಹೋಟೆಲಿನ ಇಂಗ್ಲಿಷಿನಲ್ಲಿ ಸಾರಿ ಮೇಡಂ, ಸಾರಿ ಮೇಡಂ ಅಂತ ಶುರು ಮಾಡಿದಳು. ಆಯಿ ಅವಳ ಕೊರಳಿನ ಸರ ನೋಡಿದಳು, ಮುಖ ನೋಡಿದಳು. ಆಮೇಲೆ ತಟ್ಟನೆ ಕೊಂಕಣಿಯಲ್ಲಿ ಏನೋ ಕೇಳಿದಳು. ಆ ಹೆಂಗಸು ಕೈಯಲ್ಲಿದ್ದ ದಿಂಬಿನ ಕವರನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟಳು. ಗೋವಾದ ಮಡಗಾಂವಿನವಳಂತೆ. ಕಾರವಾರದಿಂದ ರೈಲು ಹತ್ತಿದರೆ ಎಷ್ಟು ಹೊತ್ತು? ಬಂಗಡೆಯಿಂದ ಹಿಡಿದು ಮಕ್ಕಳ ಮದುವೆವರೆಗೆ ಹತ್ತು ನಿಮಿಷ ಮಾತಾಯಿತು. ಮೇಡಂ ಹೋಗಿ ಆಂಟಿ ಆಯಿತು. ಹೊರಡುವಾಗ ಆಯಿ ಅವಳ ಏಪ್ರನ್ ಜೇಬಿಗೆ ಒಂದು ಪೊಟ್ಟಣ ಚಕ್ಕುಲಿ ತುರುಕಿದಳು.

ಈ ಹೋಟೆಲುಗಳಲ್ಲಿ ಸಂಜೆ ಬಂದು ಪರದೆ ಎಳೆದು, ದಿಂಬಿನ ಮೇಲೆ ಚಾಕಲೇಟ್ ಇಟ್ಟು ಹೋಗುವುದು ರೂಢಿ. ಮೊದಲ ದಿನ ಎರಡಿದ್ದವು. ಆ ಸಂಜೆ ಎಂಟು. ಆಯಿ ಒಂದನ್ನೂ ತಿನ್ನದೆ ಮೊಮ್ಮಕ್ಕಳಿಗೆ ಅಂತ ಕಾರವಾರಕ್ಕೆ ಒಯ್ದಳು. ಮುಟ್ಟುವಷ್ಟರಲ್ಲಿ ಎಲ್ಲ ಕರಗಿ ಸೀರೆಗೆ ಅಂಟಿತ್ತಂತೆ.