ಎಲೆ ಮಗುಚಿ ನೋಡುವವರ ಕೆಲಸ

ಎಲ್ಲರಿಗೂ ನಮಸ್ಕಾರ.

ಹೂವಿನ ಗಿಡಕ್ಕೆ ಬೀಳುವ ಹುಳಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅಂದರೆ ಜನ ಮೊದಲು ಸುಮ್ಮನಾಗುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ, "ಅದಕ್ಕೂ ಸಂಬಳ ಕೊಡ್ತಾರಾ?" ಅಂತ. ಕೊಡುತ್ತಾರೆ. ಯಾರು, ಯಾಕೆ ಕೊಡುತ್ತಾರೆ ಅನ್ನುವುದನ್ನೇ ಇವತ್ತು ಹೇಳೋಣ ಅಂತ ಬಂದಿದ್ದೇನೆ.

ಭತ್ತದ ಎಲೆಯನ್ನು ಹುಳ ಒಂದಿಷ್ಟು ತಿಂದರೆ ಬೆಳೆದವರು ತಲೆ ಕೆಡಿಸಿಕೊಳ್ಳುವುದಿಲ್ಲ. ತೆನೆ ತುಂಬಿದರೆ ಆಯಿತು. ಗುಲಾಬಿಯಲ್ಲಿ ಹಾಗಲ್ಲ. ಅಲ್ಲಿ ಮಾರುವುದೇ ಅಂದವನ್ನು. ಎಸಳಿನ ಮೇಲೆ ಥ್ರಿಪ್ಸ್ ಅನ್ನುವ ಪುಟ್ಟ ಹುಳ ಕೆರೆದ ಒಂದು ಕಂದು ಗೆರೆ ಇದ್ದರೆ ಆ ಹೂವನ್ನು ಯಾರೂ ಮುಟ್ಟುವುದಿಲ್ಲ. 1959ರಲ್ಲಿ ಕ್ಯಾಲಿಫೋರ್ನಿಯಾದ ನಾಲ್ವರು ಕೀಟಶಾಸ್ತ್ರಜ್ಞರು, ಸ್ಟರ್ನ್, ಸ್ಮಿತ್, ವ್ಯಾನ್ ಡೆನ್ ಬಾಶ್ ಮತ್ತು ಹೇಗನ್, ಒಂದು ಪ್ರಬಂಧ ಬರೆದರು. ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ, ಹೊಡೆಯುವ ಖರ್ಚಿಗೆ ತಕ್ಕಷ್ಟು ನಷ್ಟ ಆಗುವ ಹಾಗಿದೆಯೇ ಅಂತ ಮೊದಲು ಲೆಕ್ಕ ಹಾಕಿ ಅಂದರು. ಔಷಧಿಯೊಂದನ್ನೇ ನೆಚ್ಚದೆ ಹಲವು ದಾರಿಯಿಂದ ಹುಳವನ್ನು ಹತೋಟಿಯಲ್ಲಿಡುವ ಸಮಗ್ರ ಕೀಟ ನಿರ್ವಹಣೆ ನಿಂತಿರುವುದೇ ಆ ಲೆಕ್ಕದ ಮೇಲೆ. ಆದರೆ ಅಲಂಕಾರಿಕ ಗಿಡಕ್ಕೆ ಬಂದರೆ ಲೆಕ್ಕ ತಲೆಕೆಳಗು. ಸಹಿಸಬಹುದಾದ ಹುಳದ ಸಂಖ್ಯೆ ಹೆಚ್ಚುಕಡಿಮೆ ಸೊನ್ನೆ. ಇಳುವರಿ ಎಷ್ಟು ಹೋಯಿತು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಕೊಳ್ಳುವವರ ಕಣ್ಣಿಗೆ ಎಷ್ಟು ಬಿತ್ತು ಅಂತ ಕೇಳುತ್ತಾರೆ. ಅದಕ್ಕೇ ಹುಳ ತಿಂದ ಗಿಡ, ತಿನ್ನದ ಗಿಡ ಎರಡನ್ನೂ ಸಾಲಾಗಿ ಇಟ್ಟು, ಯಾವುದನ್ನು ಕೊಳ್ಳುತ್ತೀರಿ ಅಂತ ಜನರನ್ನೇ ಕೇಳುವ ಅಧ್ಯಯನಗಳೂ ನಮ್ಮಲ್ಲಿ ನಡೆದಿವೆ. ಹುಳ ಓದಲು ಬಂದವರು ಮನುಷ್ಯರನ್ನೂ ಓದಬೇಕಾಗುತ್ತದೆ.

ಇನ್ನೊಂದು ತಾಪತ್ರಯ ಇದೆ. ಒಂದು ಹೊಸ ಕೀಟನಾಶಕ ಪೇಟೆಗೆ ಬರಲು ವರ್ಷಗಟ್ಟಲೆ ಹಿಡಿಯುತ್ತದೆ, ದುಡ್ಡೂ ಸಿಕ್ಕಾಪಟ್ಟೆ ಬೇಕು. ಕಂಪನಿಗಳು ಆ ದುಡ್ಡನ್ನು ಮೆಕ್ಕೆಜೋಳ, ಸೋಯಾ, ಹತ್ತಿಯಂಥ ದೊಡ್ಡ ಬೆಳೆಗಳ ಮೇಲೆ ಹಾಕುತ್ತವೆ. ಪುದೀನ, ಸ್ಟ್ರಾಬೆರಿ, ಅಣಬೆ, ಆರ್ಕಿಡ್ ಇವಕ್ಕೆ ಪರೀಕ್ಷೆ ಮಾಡಿಸಿದರೆ ಹಾಕಿದ್ದು ವಾಪಸ್ ಬರುವುದಿಲ್ಲ. ಪರೀಕ್ಷೆ ಇಲ್ಲದೆ ಡಬ್ಬಿಯ ಲೇಬಲ್ ಮೇಲೆ ಬೆಳೆಯ ಹೆಸರು ಬರುವುದಿಲ್ಲ. ಹೆಸರಿಲ್ಲದ ಬೆಳೆಗೆ ಹೊಡೆಯುವ ಹಾಗಿಲ್ಲ. ಬೆಳೆದವರು ಕೈಕಟ್ಟಿ ಕೂರಬೇಕು, ಅಲ್ವಾ? ಈ ತೊಡಕಿಗೆ ಅಂತಲೇ ಅಮೆರಿಕದಲ್ಲಿ 1963ರಲ್ಲಿ ಐಆರ್-4 ಅನ್ನುವ ಸರ್ಕಾರಿ ಯೋಜನೆ ಶುರುವಾಯಿತು. ಕಂಪನಿಗಳು ಕೈಬಿಟ್ಟ ಸಣ್ಣ ಬೆಳೆಗಳ ಮೇಲೆ ಪರೀಕ್ಷೆ ಮಾಡಿ ಅಂಕಿಅಂಶ ಒದಗಿಸುವುದು ಅದರ ಕೆಲಸ. 1977ರಲ್ಲಿ ಅಲಂಕಾರಿಕ ಗಿಡಗಳನ್ನೂ ಸೇರಿಸಿಕೊಂಡರು. ಇಂಥ ಕೆಲಸ ಇರುವ ಕಡೆಯೆಲ್ಲ ತಾಕಿನಲ್ಲಿ ಪ್ರಯೋಗ ನಡೆಸುವವರು ಬೇಕು, ಬೆಳೆಯಲ್ಲಿ ಉಳಿದ ಔಷಧಿಯ ಅಂಶ ಅಳೆಯುವ ರಸಾಯನಶಾಸ್ತ್ರಜ್ಞರು ಬೇಕು, ದಾಖಲೆ ತಾಳೆ ನೋಡುವವರು ಬೇಕು, ನೋಂದಣಿಯ ಕಾಗದಪತ್ರ ಬರೆಯುವವರು ಬೇಕು. ಕೊನೆಯ ಕೆಲಸವನ್ನು ವಿದ್ಯಾರ್ಥಿಗಳು ಕೀಳಾಗಿ ನೋಡುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು. ವಿಜ್ಞಾನ ಗೊತ್ತಿದ್ದು, ನೆಟ್ಟಗೆ ಬರೆಯಲೂ ಬರುವವರು ಬಹಳ ಕಡಿಮೆ.

ಗಿಡಗಳ ವೈವಿಧ್ಯವಂತೂ ಕೇಳಲೇಬೇಡಿ. ಒಂದೇ ನರ್ಸರಿಯಲ್ಲಿ ನೂರಾರು ಜಾತಿ ಇರುತ್ತವೆ. ಒಂದಕ್ಕೆ ಒಗ್ಗಿದ ಔಷಧಿ ಪಕ್ಕದ ಕುಂಡದ ಗಿಡವನ್ನು ಸುಡಬಹುದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಯಿನ್ಸೆಟಿಯಾ ಗಿಡಗಳ ಬಿಳಿ ನೊಣಕ್ಕೆ ಒಂದು ತೋಟಗಾರಿಕಾ ಎಣ್ಣೆ ಪರೀಕ್ಷಿಸುತ್ತಿದ್ದೆ. ನೊಣ ಚೆನ್ನಾಗಿ ಸತ್ತವು. ಸಂಭ್ರಮದಲ್ಲಿ ಹಸಿರು ಎಲೆ ನೋಡಿ, "ಗಿಡಕ್ಕೆ ಏನೂ ಆಗಿಲ್ಲ" ಅಂತ ಬರೆದುಕೊಂಡೆ. ಮೇಲಿನ ಕೆಂಪು ಎಲೆಗಳನ್ನು ನೋಡಲೇ ಇಲ್ಲ. ಆ ಗಿಡವನ್ನು ಜನ ಕೊಳ್ಳುವುದೇ ಆ ಕೆಂಪಿಗಾಗಿ. ವಾರದೊಳಗೆ ಅದರ ಮೇಲೆಲ್ಲ ಕಂದು ಕಲೆ. ನೊಣದ ಲೆಕ್ಕ ಸರಿ ಇತ್ತು, ಗಿಡ ಮಾರಾಟಕ್ಕೆ ಬರುವ ಹಾಗಿರಲಿಲ್ಲ. ಅಂದಿನಿಂದ ನನ್ನ ದಾಖಲೆ ಹಾಳೆಯಲ್ಲಿ ಹೂವಿಗೊಂದು, ಎಲೆಗೊಂದು ಬೇರೆ ಕಾಲಂ ಇದೆ.

ಈಗ ಥ್ರಿಪ್ಸ್ ವಿಷಯಕ್ಕೆ ಬರುತ್ತೇನೆ. ಇದರ ಮೇಲೆ ನನಗೆ ಸಿಟ್ಟೂ ಇದೆ, ಗೌರವವೂ ಇದೆ. ಪಶ್ಚಿಮದ ಹೂ ಥ್ರಿಪ್ಸ್ ಅನ್ನುವ ಜಾತಿ ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು. 1970ರ ದಶಕದ ಕೊನೆಯಿಂದ ಗಿಡಗಳ ವ್ಯಾಪಾರದ ಜೊತೆಗೇ ಜಗತ್ತು ಸುತ್ತಿತು. ಉದ್ದ ಒಂದೆರಡು ಮಿಲಿಮೀಟರ್ ಅಷ್ಟೇ. ಮೊಟ್ಟೆಯನ್ನು ಎಲೆಯ ಒಳಗೇ ಚುಚ್ಚಿ ಇಡುತ್ತದೆ. ಮರಿ ಮೊಗ್ಗಿನ ಸಂದಿಯಲ್ಲಿ ಬೆಳೆಯುತ್ತದೆ. ರೆಕ್ಕೆಯ ಹುಳವಾಗುವ ಮೊದಲಿನ ಕೋಶದ (ಪ್ಯೂಪಾ) ಹಂತಕ್ಕೆ ಬಂದಾಗ ಹೆಚ್ಚಿನವು ಮಣ್ಣಿಗೆ ಬೀಳುತ್ತವೆ. ಅಂದರೆ ನೀವು ಎಲೆಯ ಮೇಲೆ ಸಿಂಪಡಿಸುವ ಹೊತ್ತಿಗೆ ಅದರ ಸಂಸಾರದ ದೊಡ್ಡ ಪಾಲು ಕೈಗೆ ಸಿಗದ ಜಾಗದಲ್ಲಿರುತ್ತದೆ. ಸಾಲದ್ದಕ್ಕೆ ಇದು ಟೊಮ್ಯಾಟೊ ಚುಕ್ಕೆ ಬಾಡು ವೈರಸ್ಸನ್ನೂ ಹರಡುತ್ತದೆ. ಅದರಲ್ಲೊಂದು ಸ್ವಾರಸ್ಯ ನೋಡಿ. ಮರಿಯಾಗಿದ್ದಾಗ ರೋಗದ ಗಿಡ ತಿಂದಿದ್ದರೆ ಮಾತ್ರ, ದೊಡ್ಡದಾದ ಮೇಲೆ ರೋಗ ಹಂಚಲು ಅದಕ್ಕೆ ಸಾಧ್ಯ. ರೆಕ್ಕೆ ಬಂದ ಮೇಲೆ ತಿಂದರೆ ಹರಡುವುದಿಲ್ಲ. ಇಷ್ಟು ಗೊತ್ತಾದರೆ ಮಾಡಬೇಕಾದ ಕೆಲಸವೇ ಬೇರೆಯಾಗುತ್ತದೆ. ಮರಿಗಳು ಬೆಳೆಯುವ ರೋಗದ ಗಿಡವನ್ನೂ, ಬೆಂಚಿನ ಕೆಳಗಿನ ಕಳೆಯನ್ನೂ ಮೊದಲು ಕಿತ್ತು ಹಾಕಬೇಕು. ಕೀಟಶಾಸ್ತ್ರ, ರೋಗಶಾಸ್ತ್ರ, ಕಳೆಶಾಸ್ತ್ರ ಅಂತ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಕೋಣೆ ಇರಬಹುದು, ಹಸಿರುಮನೆಯಲ್ಲಿ ಗೋಡೆ ಇರುವುದಿಲ್ಲ.

ಔಷಧಿ ಹೊಡೆದೇ ಗೆಲ್ಲುತ್ತೇವೆ ಅನ್ನುವ ಕಾಲ ಮುಗಿದಿದೆ. ಎಲೆಯ ರಸ ಹೀರುವ ಎರಡು ಚುಕ್ಕೆ ಜೇಡ ನುಸಿ 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೆಚ್ಚುಕಡಿಮೆ ಒಂದು ವಾರಕ್ಕೆ ಒಂದು ತಲೆಮಾರು ಮುಗಿಸುತ್ತದೆ. ಅಷ್ಟು ಬೇಗ ತಲೆಮಾರು ಉರುಳಿದರೆ ನಿರೋಧಕ ಶಕ್ತಿ ಬಾರದೆ ಇರುತ್ತದೆಯೇ? ಇಲ್ಲಿ ನೆನಪಾಗುವುದು ಒಂದು ಹಳೆಯ ಕಥೆ. 1926ರಲ್ಲಿ ಇಂಗ್ಲೆಂಡಿನ ಟೊಮ್ಯಾಟೊ ಬೆಳೆಗಾರರೊಬ್ಬರು ಎಲೆಯಡಿಯ ಬಿಳಿ ನೊಣದ ಮರಿಗಳಲ್ಲಿ ಕೆಲವು ಕಪ್ಪಗಿರುವುದನ್ನು ಕಂಡರು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಕೀಟಶಾಸ್ತ್ರಜ್ಞ ಸ್ಪೇಯರ್ ಅವರಿಗೆ ತೋರಿಸಿದರು. ಕಪ್ಪು ಮರಿಗಳಿಂದ ಹೊರಬಂದದ್ದು ಎನ್ಕಾರ್ಸಿಯಾ ಫಾರ್ಮೋಸಾ ಅನ್ನುವ ಪುಟ್ಟ ಕಣಜ. ಬಿಳಿ ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿನಿಂದಲೇ ಮುಗಿಸುವ ಜೀವಿ. ಅದನ್ನು ಸಾಕಿ ನರ್ಸರಿಗಳಿಗೆ ಹಂಚಿದರು, ಬೇರೆ ದೇಶಗಳಿಗೂ ಕಳಿಸಿದರು. ಆಮೇಲೆ ಡಿಡಿಟಿ ಅನ್ನುವ ಕೀಟನಾಶಕ ಬಂತು, ಕಣಜವನ್ನು ಎಲ್ಲರೂ ಮರೆತರು. ಹುಳಗಳು ಔಷಧಿಗೆ ಜಗ್ಗದೆ ಹೋದಾಗ ಮತ್ತೆ ಹುಡುಕಿಕೊಂಡು ಬಂದರು. 1967ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸೌತೆಕಾಯಿ ಬೆಳೆಯುತ್ತಿದ್ದ ಯಾನ್ ಕೊಪರ್ಟ್, ಜೇಡ ನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನು ಸಾಕಿ ಮಾರಲು ಹೊರಟರು. ಇವತ್ತು ಅದು ಒಂದು ಉದ್ಯಮವೇ ಆಗಿದೆ. ಲಕ್ಷಗಟ್ಟಲೆ ಕಣಜ ಸಾಕುವವರು, ಅವುಗಳ ಗುಣಮಟ್ಟ ನೋಡುವವರು, ದಾರಿಯಲ್ಲಿ ಸಾಯದ ಹಾಗೆ ಪ್ಯಾಕ್ ಮಾಡುವ ಬಗೆ ಹುಡುಕುವವರು, ಬೆಳೆಗಾರರಿಗೆ ಯಾವಾಗ ಬಿಡಬೇಕು ಅಂತ ಹೇಳುವವರು, ಎಲ್ಲರಿಗೂ ಅಲ್ಲಿ ಜಾಗ ಇದೆ.

ಜೇನಿನ ಜಾಡಿನಲ್ಲೂ ಕೆಲಸ ಹುಟ್ಟಿದೆ. 2013ರಲ್ಲಿ ಅಮೆರಿಕದ ಆರಿಗಾನ್ ರಾಜ್ಯದಲ್ಲಿ, ಹೂ ಬಿಟ್ಟಿದ್ದ ಲಿಂಡೆನ್ ಮರಗಳಿಗೆ ಗಿಡಹೇನಿನ ಔಷಧಿ ಹೊಡೆದು ಜೇನಿನ ಬಳಗದ ಸುಮಾರು 50,000 ಬಂಬಲ್ ಬೀಗಳು ಸತ್ತವು. ಅಲಂಕಾರಕ್ಕೆ ನೆಟ್ಟ ಮರಗಳವು. 2018ರಲ್ಲಿ ಯುರೋಪಿಯನ್ ಒಕ್ಕೂಟ ಗಿಡದ ಮೈಯೆಲ್ಲ ಹರಡುವ ನಿಯೊನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳ ಹೊರಾಂಗಣ ಬಳಕೆ ನಿಲ್ಲಿಸಿತು. ಹೂವು ಮಾರುವವರಿಗೆ ಇದು ಮುಜುಗರದ ವಿಷಯ. ಜೇನಿಗೆ ಒಳ್ಳೆಯದು ಅಂತ ಕೊಂಡ ಗಿಡದ ಮಕರಂದದಲ್ಲೇ ವಿಷ ಇದ್ದರೆ? ಅದನ್ನು ಅಳೆಯುವುದೂ, ಬೇರೆ ದಾರಿ ಹುಡುಕುವುದೂ ನಮ್ಮ ಪಾಲಿಗೇ ಬಂದಿದೆ.

ಓದು ಏನು ಬೇಕು ಅಂತ ಕೇಳುತ್ತೀರಿ. ಕೀಟಶಾಸ್ತ್ರ, ಸಸ್ಯರೋಗ ಶಾಸ್ತ್ರ, ತೋಟಗಾರಿಕೆ, ಯಾವುದರಿಂದಲಾದರೂ ಬರಬಹುದು. ಸ್ವತಂತ್ರವಾಗಿ ಸಂಶೋಧನೆ ನಡೆಸಬೇಕೆಂದರೆ ಸಾಮಾನ್ಯವಾಗಿ ಪಿಎಚ್‌ಡಿ ಬೇಕು. ಪ್ರಯೋಗ ನಡೆಸುವ ತಂತ್ರಜ್ಞರಿಗೆ, ಸಸ್ಯ ಕ್ವಾರಂಟೈನ್ ಪರೀಕ್ಷಕರಿಗೆ, ಬೆಳೆ ಸಲಹೆಗಾರರಿಗೆ ಪದವಿ ಸಾಕಾಗುವ ಕಡೆಗಳೂ ಇವೆ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. 1925ರಲ್ಲಿ ಅಬಾಟ್ ಅನ್ನುವ ಕೀಟಶಾಸ್ತ್ರಜ್ಞ ಕೊಟ್ಟ ಪುಟ್ಟ ಸೂತ್ರವನ್ನು ನಾವು ಈಗಲೂ ಬಳಸುತ್ತೇವೆ. ಔಷಧಿ ಹೊಡೆಯದ ಗಿಡದಲ್ಲೂ ಕೆಲವು ಹುಳ ತಾವಾಗಿಯೇ ಸಾಯುತ್ತವಲ್ಲ, ಆ ಸಾವನ್ನು ಔಷಧಿಯ ಖಾತೆಗೆ ಬರೆಯದ ಹಾಗೆ ಲೆಕ್ಕ ಸರಿಮಾಡುವುದು ಅದು. ನೂರಕ್ಕೆ 20 ಹಾಗೇ ಸತ್ತು, ಔಷಧಿ ಹೊಡೆದಲ್ಲಿ 80 ಸತ್ತರೆ, ಔಷಧಿಯ ಸಾಧನೆ ನೂರಕ್ಕೆ 75 ಮಾತ್ರ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಎಷ್ಟೋ ಹುದ್ದೆಗಳು ಯೋಜನೆಯ ಹಣ ಇರುವಷ್ಟು ದಿನ ಮಾತ್ರ. ಮೈತುಂಬ ರಕ್ಷಣಾ ಉಡುಪು ಹಾಕಿ ಸುಡುವ ಹಸಿರುಮನೆಯಲ್ಲಿ ನಿಲ್ಲಬೇಕು. ಹುಳಕ್ಕೆ ಭಾನುವಾರ ಗೊತ್ತಿಲ್ಲ, ಎಣಿಸುವ ದಿನ ಎಣಿಸಲೇಬೇಕು. ಆರು ವಾರ ಕಾದ ಪ್ರಯೋಗಕ್ಕೆ, ಕರೆಯದೇ ಬಂದ ಕಣಜ ನುಗ್ಗಿ ನಿಮ್ಮ ಗಿಡಹೇನನ್ನೆಲ್ಲ ಮುಗಿಸಿಬಿಡಬಹುದು. ಅದನ್ನು ನೋಡಿ ಅಳುವುದೋ ನಗುವುದೋ ನಿಮಗೆ ಬಿಟ್ಟದ್ದು.

ಹಿಂದಿನ ಮೇಜಿನ ಮೇಲೆ ನಾಲ್ಕು ಕುಂಡ ಇಟ್ಟಿದ್ದೇನೆ. ಒಂದರಲ್ಲಿ ನುಸಿ ಇದೆ, ಯಾವುದರಲ್ಲಿ ಅಂತ ಹೇಳುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಪಕ್ಕದಲ್ಲೇ ಇದೆ. ಎಲೆ ಮಗುಚಿ ನೋಡಿ, ಕೀಳಬೇಡಿ. ನಿಮ್ಮ ಪ್ರಶ್ನೆಗಳನ್ನು ಅಲ್ಲೇ ನಿಂತು ಕೇಳಬಹುದು.