ಘಟ್ಟವೇರುವ ಗೂಡ್ಸ್ ರೈಲು: ಕ್ಯಾಸಲ್‌ರಾಕ್–ಕುಲೆಂ ಮಾರ್ಗವನ್ನು ನೋಡುವ ಬಗೆ, ಚಿತ್ರ ತೆಗೆಯುವ ಬಗೆ

ಸ್ನೇಹಿತರೇ,

ಘಟ್ಟದ ರೈಲಿನ ಛಾಯಾಚಿತ್ರ ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣಮುಂದೆ ಬರುವುದು ದೂಧಸಾಗರ ಜಲಪಾತದ ಮುಂದೆ ಹಾದುಹೋಗುವ ಪ್ರಯಾಣಿಕ ಗಾಡಿ. ಆ ಚಿತ್ರ ಸುಂದರವಾದದ್ದೇ. ಆದರೆ ಆ ಹಳಿಯನ್ನು ಹಾಕಿದ್ದು ಮುಖ್ಯವಾಗಿ ಬಂದರಿನ ಸರಕಿಗಾಗಿ, ಇಂದಿಗೂ ಅದರ ಮೇಲಿನ ನಿಜವಾದ ದುಡಿಮೆ ಗೂಡ್ಸ್ ಗಾಡಿಗಳದ್ದು. ಆ ದುಡಿಮೆಯನ್ನು ಅರ್ಥಮಾಡಿಕೊಂಡವರಿಗೆ ಕ್ಯಾಮೆರಾ ಹಿಡಿದು ಎಲ್ಲಿ ನಿಲ್ಲಬೇಕು, ಯಾವ ಕ್ಷಣಕ್ಕಾಗಿ ಕಾಯಬೇಕು ಎಂಬುದು ಹೆಚ್ಚಿನ ಉಪದೇಶವಿಲ್ಲದೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಆದ್ದರಿಂದ ಇಂದು ಲೆನ್ಸುಗಳ ಮಾತಿಗಿಂತ ಮೊದಲು ಏರು, ತೂಕ ಮತ್ತು ಬ್ರೇಕುಗಳ ಮಾತನಾಡುತ್ತೇನೆ.

ಉತ್ತರ ಕನ್ನಡದ ಜೊಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಂವರೆಗೆ ಸುಮಾರು 26 ಕಿಲೋಮೀಟರ್. 1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರ ನಡುವೆ ಆದ ಒಪ್ಪಂದದ ಫಲವಾಗಿ ಗೋವಾದ ಮುರಗಾಂವ್ ಬಂದರನ್ನು ಒಳನಾಡಿಗೆ ಜೋಡಿಸುವ ಮೀಟರ್‌ಗೇಜ್ ಮಾರ್ಗ 1880ರ ದಶಕದಲ್ಲಿ ಈ ಘಟ್ಟವನ್ನು ಏರಿತು. ಮೇಲಿನ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯ ಹಳಿ ಬಂದು ಕ್ಯಾಸಲ್‌ರಾಕ್‌ನಲ್ಲಿ ಅದನ್ನು ಕೂಡಿಕೊಂಡಿತು. 1961ರಲ್ಲಿ ಗೋವಾ ವಿಮೋಚನೆಯಾಗುವವರೆಗೆ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣ. 1990ರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಈಗ ಇದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ.

ಈ ಘಟ್ಟದ ಏರು 37ಕ್ಕೆ 1. ಎಂದರೆ ಗಾಡಿ ಪ್ರತಿ ಕಿಲೋಮೀಟರಿಗೆ ಸುಮಾರು 27 ಮೀಟರ್ ಮೇಲೇರಬೇಕು. ಕಾರಿನಲ್ಲಿ ಹೋಗುವವರಿಗೆ ಇದು ಏರು ಎಂದೇ ಅನ್ನಿಸಲಿಕ್ಕಿಲ್ಲ; ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಲ್ಲಿ ಹಿಡಿತವೇ ಕಡಿಮೆ. ಮುರಗಾಂವ್‌ನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರಟ ಕಲ್ಲಿದ್ದಲಿನ ರೇಕೊಂದು (ಒಟ್ಟಿಗೆ ಕಟ್ಟಿದ ವ್ಯಾಗನ್ನುಗಳ ಸಾಲು) ಸುಮಾರು 5,000 ಟನ್ ತೂಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 37ಕ್ಕೆ 1ರ ಏರಿನಲ್ಲಿ ಅದನ್ನು ಹಿಂದಕ್ಕೆ ಜಾರದಂತೆ ಹಿಡಿದು ನಿಲ್ಲಿಸಲಿಕ್ಕೇ ಸುಮಾರು 135 ಟನ್ನಿನಷ್ಟು ಬಲ ಬೇಕು. ಎಂಜಿನುಗಳು ತಮ್ಮ ಸ್ವಂತ ತೂಕವನ್ನು ಮೇಲೆತ್ತುವುದು, ತಿರುವುಗಳಲ್ಲಿ ಗಾಲಿಯ ಅಂಚು ಹಳಿಗೆ ಉಜ್ಜುವುದು, ಇವೆಲ್ಲ ಅದರ ಮೇಲಿನ ಹೊರೆ. ಈ ಮಾರ್ಗದಲ್ಲಿ ವರ್ಷಗಟ್ಟಲೆ ದುಡಿದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ನಿಂತಲ್ಲಿಂದ ಹೊರಡುವಾಗ 50 ಟನ್ನಿನ ಆಸುಪಾಸಿನ ಬಲ ಕೊಡುತ್ತದೆ, ಸತತವಾಗಿ ಎಳೆಯುವಾಗ ಅದಕ್ಕಿಂತ ಕಡಿಮೆ. ಒಂದೇ ಗಾಡಿಗೆ ಐದು ಎಂಜಿನ್ ಏಕೆ ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ.

ಇನ್ನು ಆ ಐದನ್ನೂ ಮುಂದೆಯೇ ಕಟ್ಟದೆ ಕೆಲವನ್ನು ಹಿಂದೆ ಕಟ್ಟುವುದೇಕೆ? ಎಲ್ಲವೂ ಮುಂದಿದ್ದರೆ ಇಡೀ ರೇಕಿನ ಭಾರವನ್ನು ಮೊದಲ ವ್ಯಾಗನ್ನಿನ ಕಪ್ಲಿಂಗ್ (ಕೊಂಡಿ) ಒಂದೇ ಹೊರಬೇಕಾಗುತ್ತದೆ, ಅದು ತುಂಡಾಗುವ ಅಪಾಯವಿದೆ. ಹಿಂದಿನಿಂದ ಬ್ಯಾಂಕರ್ ಎಂಬ ಸಹಾಯಕ ಎಂಜಿನುಗಳು ತಳ್ಳಿದರೆ ಆ ಭಾರ ಹಂಚಿಹೋಗುತ್ತದೆ. ಜೊತೆಗೆ, ನಡುವೆ ಎಲ್ಲಾದರೂ ಕೊಂಡಿ ಕಳಚಿದರೂ ಹಿಂದಿನ ತುಂಡು ಇಳಿಜಾರಿನಲ್ಲಿ ಓಡಿಹೋಗದಂತೆ ಹಿಡಿಯಲು ಅಲ್ಲಿ ಎಂಜಿನ್ ಇರುತ್ತದೆ. ಹೀಗೆ ಏರುವ ಗಾಡಿಯಲ್ಲಿ ಮುಂದಿನ ವ್ಯಾಗನ್ನುಗಳ ಕೊಂಡಿಗಳು ಬಿಗಿದು ನಿಂತಿರುತ್ತವೆ, ಹಿಂದಿನವು ಒತ್ತಿಕೊಂಡಿರುತ್ತವೆ. ನಡುವೆ ಎಲ್ಲೋ ಒಂದು ಕಡೆ ಎಳೆತವೂ ಇಲ್ಲದ, ಒತ್ತಡವೂ ಇಲ್ಲದ ಒಂದು ಕೊಂಡಿ ಇದ್ದೇ ಇರುತ್ತದೆ. ಏರಿನ ಪ್ರಮಾಣವೂ ಎಂಜಿನುಗಳ ಎಳೆತವೂ ಬದಲಾದಂತೆ ಆ ಜಾಗವೂ ರೇಕಿನ ಉದ್ದಕ್ಕೆ ಹಿಂದೆ ಮುಂದೆ ಸರಿಯುತ್ತದೆ. ಗಾಡಿ ನಿಧಾನವಾಗಿ ಸಾಗುವಾಗ ಪ್ಲಾಟ್‌ಫಾರ್ಮಿನಲ್ಲಿ ಸುರಕ್ಷಿತ ದೂರದಲ್ಲಿ ನಿಂತು ಕಿವಿಗೊಟ್ಟರೆ ಕೊಂಡಿಗಳು ತೆರೆದುಕೊಳ್ಳುವ, ಮುಚ್ಚಿಕೊಳ್ಳುವ ಸದ್ದು ಕೇಳುತ್ತದೆ. ಘಟ್ಟದ ರೈಲುಗಾರಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಆದ್ದರಿಂದಲೇ ನಾನು ಹೊಸಬರಿಗೆ ಮತ್ತೆ ಮತ್ತೆ ಹೇಳುವುದು: ಮುಂದಿನ ಎಂಜಿನ್ ಚೌಕಟ್ಟಿನಿಂದ ದಾಟಿದ ಕೂಡಲೇ ಕ್ಯಾಮೆರಾ ಇಳಿಸಬೇಡಿ. ಏರುತ್ತಿರುವ ಗಾಡಿ 25–30 ಕಿಲೋಮೀಟರ್ ವೇಗವನ್ನೂ ಮುಟ್ಟದೆ ಸಾಗುವಾಗ ಸೆಕೆಂಡಿನ 250ನೇ ಒಂದು ಭಾಗದ ಶಟರ್ ಸಾಕು, ಅವಸರವಿಲ್ಲ. ಐವತ್ತಕ್ಕೂ ಹೆಚ್ಚು ವ್ಯಾಗನ್ನುಗಳು ದಾಟಿಹೋಗಲಿ. ಕೊನೆಯಲ್ಲಿ ಬ್ಯಾಂಕರುಗಳು ಬರುತ್ತವೆ. ಅವುಗಳ ಹೊಗೆಯೂ ಗದ್ದಲವೂ ಮುಂದಿನವುಗಳಿಗೆ ಸರಿಸಮ, ಆದರೆ ಅವುಗಳ ಮುಂದೆ ದಾರಿ ಕಾಣುವುದಿಲ್ಲ, ಕಲ್ಲಿದ್ದಲಿನ ಗೋಡೆ ಮಾತ್ರ. ಸಿಗ್ನಲನ್ನು ನೋಡುವ ಲೋಕೋ ಪೈಲಟ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದು, ಬ್ಯಾಂಕರಿನವರು ವಾಕಿಟಾಕಿಯ ಮಾತು ಹಾಗೂ ಸೀಟಿಯ ಸಂಕೇತಗಳನ್ನು ನಂಬಿ ತಳ್ಳುತ್ತಾರೆ. ಒಂದು ತಿರುವಿನಲ್ಲಿ ಮುಂದಿನ ಎಂಜಿನುಗಳೂ ಹಿಂದಿನವೂ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ, ಈ ಲೆಕ್ಕವೆಲ್ಲ ಒಂದು ನೋಟದಲ್ಲಿ ಕಾಣುತ್ತದೆ. ಉದ್ದದ ಟೆಲಿ ಲೆನ್ಸ್ ತಿರುವನ್ನು ಒತ್ತಿ ಹತ್ತಿರ ತರುತ್ತದೆ ನಿಜ, ಆದರೆ ಎಂಜಿನಿನ ಹೊಗೆಯ ಬಿಸಿಗೆ ಗಾಳಿ ಕಂಪಿಸುವುದರಿಂದ ಅದರ ಹಿಂದಿರುವುದೆಲ್ಲ ಕಲಸಿಹೋಗುತ್ತದೆ. ಬಿಸಿಲಿನ ದಿನಗಳಲ್ಲಿ ಹೊಗೆಯ ಹಾದಿಗೆ ಅಡ್ಡಲಾಗಿ ನಿಲ್ಲುವುದು ಮೇಲು.

ಏರುವುದು ಶ್ರಮದ ಮಾತಾದರೆ ಇಳಿಯುವುದು ಶಿಸ್ತಿನ ಮಾತು. ಕ್ಯಾಸಲ್‌ರಾಕ್‌ನಿಂದ ಕೆಳಗಿಳಿಯುವ ಪ್ರಯಾಣಿಕ ಗಾಡಿಗೂ ಬ್ಯಾಂಕರ್ ಕಟ್ಟುವುದು ತಳ್ಳಲಿಕ್ಕಲ್ಲ, ಹಿಡಿಯಲಿಕ್ಕೆ. ಡೈನಮಿಕ್ ಬ್ರೇಕ್ ಹಾಕಿದಾಗ ಎಂಜಿನಿನ ಮೋಟಾರುಗಳೇ ಜನರೇಟರುಗಳಾಗಿ ವಿದ್ಯುತ್ ಹುಟ್ಟಿಸುತ್ತವೆ. ಆ ವಿದ್ಯುತ್ತು ಎಂಜಿನಿನ ಮೇಲ್ಭಾಗದ ರೆಸಿಸ್ಟರುಗಳಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅವುಗಳನ್ನು ತಣಿಸುವ ಫ್ಯಾನಿನ ಮೊರೆತ ಗಾಡಿ ಕಣ್ಣಿಗೆ ಬೀಳುವ ಮೊದಲೇ ಕಣಿವೆಯಲ್ಲಿ ಕೇಳಿಬರುತ್ತದೆ. ಇಂಥ ಕಡಿದಾದ ಘಟ್ಟಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ವ್ಯವಸ್ಥೆಯೂ ಉಂಟು. ಅಲ್ಲಿನ ಪಾಯಿಂಟು (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಸಾಮಾನ್ಯವಾಗಿ ಮುಖ್ಯ ಹಳಿಗಲ್ಲ, ಗುಡ್ಡದ ಕಡೆಗೆ ಏರಿ ಮುಗಿಯುವ ಹಳಿಗೆ ತಿರುಗಿರುತ್ತದೆ. ಇಳಿದು ಬಂದ ಗಾಡಿ ಪೂರ್ತಿ ನಿಂತು, ಬ್ರೇಕು ತನ್ನ ಹತೋಟಿಯಲ್ಲಿದೆ ಎಂದು ತೋರಿಸಿಕೊಟ್ಟ ಮೇಲೆಯೇ ಮುಖ್ಯ ಹಳಿ ತೆರೆದುಕೊಳ್ಳುತ್ತದೆ; ಬ್ರೇಕು ಕೈಕೊಟ್ಟ ಗಾಡಿ ತಾನಾಗಿಯೇ ಆ ಏರಿಗೆ ಹೋಗಿ ನಿಲ್ಲುತ್ತದೆ. ಕಾಡಿನ ನಡುವೆ ಕಾರಣವಿಲ್ಲದೆ ಗಾಡಿ ನಿಂತಿದೆ ಎಂದು ಗೊಣಗುವ ಪ್ರಯಾಣಿಕರಿಗೆ ಇದನ್ನು ಯಾರಾದರೂ ತಿಳಿಸಿ ಹೇಳಬೇಕು.

ಮಳೆಗಾಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಘಟ್ಟದಲ್ಲಿ ಹಳಿ ಒಣಗುವುದೇ ಅಪರೂಪ. ಗಾಲಿ ಜಾರದಂತೆ ಎಂಜಿನ್ ತನ್ನ ಗಾಲಿಯ ಮುಂದೆ ಮರಳು ಸುರಿಯುತ್ತದೆ. ಭಾರದ ಗಾಡಿಯೊಂದು ದಾಟಿದ ಮೇಲೆ ಪ್ಲಾಟ್‌ಫಾರ್ಮಿನ ಅಂಚಿನಿಂದ ಬಗ್ಗಿ ನೋಡಿದರೆ, ಒದ್ದೆ ಹಳಿಯ ನೆತ್ತಿಯ ಮೇಲೆ ಆ ಮರಳು ಅರೆದ ಹಿಟ್ಟಿನಂತೆ ಬಿಳಿಯ ಗೆರೆಯಾಗಿ ಅಂಟಿರುತ್ತದೆ, ಮುಂದಿನ ಮಳೆಗೆ ತೊಳೆದುಹೋಗುತ್ತದೆ. ಗಾಡಿಯಷ್ಟೇ ಮುತುವರ್ಜಿಯಿಂದ ಚಿತ್ರ ತೆಗೆಯಬೇಕಾದ ವಸ್ತು ಅದು. ಹಾಗೆಯೇ ಕಂಬಳಿಯೋ ರೇನ್‌ಕೋಟೋ ಹೊದ್ದು ಬಂಡೆ ಉರುಳಿದೆಯೇ, ಮಣ್ಣು ಕುಸಿದಿದೆಯೇ ಎಂದು ಹಗಲಿರುಳು ಹಳಿಯ ಗುಂಟ ನಡೆಯುವ ಗಸ್ತಿನವರು. ಅವರ ಒಪ್ಪಿಗೆ ಕೇಳಿ ಚಿತ್ರ ತೆಗೆಯಿರಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದಲ್ಲಿ ಏರು 50ಕ್ಕೆ 1, ಇಷ್ಟು ಕಡಿದಲ್ಲ. ಆದರೂ 2018ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈನಲ್ಲಿ ಭೂಕುಸಿತದಿಂದ ಅಲ್ಲಿ ಸಂಚಾರ ನಿಂತುಹೋಯಿತು ಎಂಬುದನ್ನು ನೆನೆದರೆ ಈ ಗಸ್ತಿನ ಬೆಲೆ ತಿಳಿಯುತ್ತದೆ.

ಮಂಜಿನಲ್ಲಿ ಎಂಜಿನಿನ ಹೆಡ್‌ಲೈಟು ಕ್ಯಾಮೆರಾದ ಮೀಟರನ್ನು ಮೋಸಗೊಳಿಸಿ ಉಳಿದೆಲ್ಲವನ್ನೂ ಕಪ್ಪಾಗಿಸುತ್ತದೆ. ಜಲಪಾತದ ಮುಂದೆ ತೊಂದರೆ ಎರಡಾಗುತ್ತದೆ, ನೀರಿನ ಬಿಳುಪನ್ನು ಉಳಿಸಿಕೊಂಡರೆ ಗಾಡಿ ಕಪ್ಪು, ಗಾಡಿಯನ್ನು ಉಳಿಸಿಕೊಂಡರೆ ನೀರು ಬರಿಯ ಬಿಳಿ ಹಾಳೆ. ನಾನು ನೀರನ್ನು ಬಿಟ್ಟುಕೊಟ್ಟು ಗಾಡಿಯನ್ನು ಆರಿಸಿಕೊಳ್ಳುತ್ತೇನೆ. ಎಸಿ ಬೋಗಿಯಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ, ಅದಕ್ಕೆ ಸ್ಲೀಪರ್ ಬೋಗಿಯ ಪ್ರಯಾಣವೇ ಒಳ್ಳೆಯದು.

ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಕಟ್ಟುನಿಟ್ಟಾದದ್ದು: ಹಳಿಯ ಮೇಲೆ ಅಲ್ಲ, ಸುರಂಗದ ಬಾಯಲ್ಲಿ ಅಲ್ಲ, ಸೇತುವೆಯ ಮೇಲೆ ಅಲ್ಲ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ ಶಿಕ್ಷಾರ್ಹ. ಶಿಕ್ಷೆಯ ಮಾತು ಹಾಗಿರಲಿ, ಸುರಂಗದೊಳಗೆ ಸಿಕ್ಕಿಕೊಂಡ ಒಬ್ಬನನ್ನು ಕಂಡ ಲೋಕೋ ಪೈಲಟ್ ಇಳಿಜಾರಿನಲ್ಲಿ ಸಾವಿರಾರು ಟನ್ನನ್ನು ನಿಲ್ಲಿಸಲಾರ. ಕ್ಯಾಸಲ್‌ರಾಕ್ ಮತ್ತು ಕುಲೆಂ ನಿಲ್ದಾಣಗಳ ಪ್ಲಾಟ್‌ಫಾರ್ಮುಗಳು ಇವೆ. ಬ್ಯಾಂಕರ್ ಕಟ್ಟುವ, ಬಿಚ್ಚುವ ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಟಿಕೆಟು ಕೊಂಡು, ಸ್ಟೇಷನ್ ಮಾಸ್ಟರರಿಗೆ ತಿಳಿಸಿ ನಿಂತರೆ ಒಂದು ದಿನವಿಡೀ ನೋಡುವಷ್ಟು ಇದೆ. ಮಳೆಗಾಲ ಕಳೆದ ಮೇಲೆ ಕುಲೆಂನಿಂದ ಜೀಪಿನಲ್ಲಿ ಜಲಪಾತದ ಬುಡಕ್ಕೆ ಹೋದರೆ ಕಮಾನು ಸೇತುವೆಯ ಮೇಲೆ ಗಾಡಿ ಸಾಗುವುದು ಕೆಳಗಿನಿಂದ ಕಾಣುತ್ತದೆ.

ಈ ಚಿತ್ರಗಳಲ್ಲಿರುವ ಕಲ್ಲಿದ್ದಲಿನ ಬಗ್ಗೆ ಮೌನವಾಗಿರುವುದು ಸರಿಯಲ್ಲ. ಇದೇ ಮಾರ್ಗವನ್ನು ಜೋಡಿಹಳಿ ಮಾಡುವ ಯೋಜನೆ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಕಾಡನ್ನು ಮುಟ್ಟುವಂಥದ್ದು. ಅದರ ವಿರುದ್ಧ ಗೋವಾದಲ್ಲಿ ದೊಡ್ಡ ಚಳವಳಿ ನಡೆಯಿತು, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಘಟ್ಟದ ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದುಪಡಿಸಿತು. ಒಂಟಿ ಹಳಿಯ ಮೇಲೆ ಒಂದು ಗಾಡಿ ಇನ್ನೊಂದಕ್ಕಾಗಿ ಲೂಪಿನಲ್ಲಿ, ಎಂದರೆ ಪಕ್ಕದ ಹಳಿಯಲ್ಲಿ, ಕಾಯುವುದು ವ್ಯವಹಾರದ ದೃಷ್ಟಿಯಿಂದ ನಷ್ಟವೆನಿಸಬಹುದು. ಈ ಕಾಡಿನಲ್ಲಿ ಆ ನಷ್ಟವನ್ನು ಸಹಿಸಿಕೊಳ್ಳಬೇಕು ಎಂದೇ ನಾನು ಭಾವಿಸುತ್ತೇನೆ.

ಕೊನೆಗೆ, ತುರ್ತಿನ ಒಂದು ಕೆಲಸವಿದೆ. ವಿದ್ಯುತ್ ತಂತಿ ನಮ್ಮ ಘಟ್ಟಗಳಿಗೂ ಬರುತ್ತಿದೆ. 6,000 ಅಶ್ವಶಕ್ತಿಗೂ ಮಿಗಿಲಾದ ಡಬ್ಲ್ಯುಎಜಿ-9 ಎಂಜಿನ್ ಇಳಿಯುವಾಗ ಹುಟ್ಟಿಸುವ ವಿದ್ಯುತ್ತನ್ನು ಶಾಖವಾಗಿ ಕಳೆಯದೆ ತಂತಿಗೇ ಹಿಂದಿರುಗಿಸಬಲ್ಲದು, ಆ ಫ್ಯಾನಿನ ಮೊರೆತ ಆಗ ಇರುವುದಿಲ್ಲ. ಬದಲಾವಣೆ ಒಳ್ಳೆಯದೇ. ಆದರೆ ಡೀಸೆಲ್ ಬ್ಯಾಂಕರುಗಳ ಕಾಲದ ದಾಖಲೆ ನಮ್ಮ ಕೈಯಲ್ಲಿ ಚೆಲ್ಲಾಪಿಲ್ಲಿಯಾಗಿದೆ. ನಿಮ್ಮಲ್ಲಿರುವ ಪ್ರತಿ ಚಿತ್ರದ ಜೊತೆಗೆ ದಿನಾಂಕ, ಹೊತ್ತು, ಸ್ಥಳ, ಎಂಜಿನುಗಳ ನಂಬರು, ಮುಂದೆ ಎಷ್ಟು ಹಿಂದೆ ಎಷ್ಟು, ವ್ಯಾಗನ್ನುಗಳು ತುಂಬಿದ್ದವೋ ಖಾಲಿಯೋ ಎಂಬುದನ್ನು ನೆನಪಿರುವಾಗಲೇ ಬರೆದಿಡಿ, ಸಾಧ್ಯವಾದಲ್ಲಿ ಸದ್ದನ್ನೂ ಮುದ್ರಿಸಿಕೊಳ್ಳಿ. ಇಂದು ಚಿತ್ರಗಳನ್ನು ತಂದಿರುವವರು ಪ್ರಶ್ನೋತ್ತರದ ನಂತರ ಅವನ್ನು ಮೇಜಿನ ಮೇಲೆ ಹರಡಿದರೆ, ಎಂಜಿನ್ ನಂಬರುಗಳನ್ನು ಓದಿ ಪಟ್ಟಿ ಮಾಡುವ ಕೆಲಸವನ್ನು ಈಗಲೇ ಆರಂಭಿಸಬಹುದು.